ಗೇಟು ನೂರು, ಹೆಸರಿನ ಪುಸ್ತಕ ಒಂದೇ

ತುಂಗಭದ್ರಾ ಎಡದಂಡೆ ಕಾಲುವೆಗೆ ಎಷ್ಟು ನೀರು, ಎಂದಿನಿಂದ ಎಂದಿನವರೆಗೆ ಎಂಬುದನ್ನು ಗಂಗಾವತಿ ಸೀಮೆಯ ಯಾವ ತೂಬೂ ತೀರ್ಮಾನಿಸುವುದಿಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನಿರ್ಧರಿಸುತ್ತದೆ. ಮುನಿರಾಬಾದಿನಿಂದ ಕೆಳಗಿನ ಗೇಟುಗಳು ಆ ತೀರ್ಮಾನದಂತೆ ಏಳಬೇಕು, ಇಳಿಯಬೇಕು. ಒಬ್ಬೊಬ್ಬರು ತಮಗೆ ತೋಚಿದಂತೆ ಗೇಟು ಎತ್ತಿದರೆ ಏನಾಗುತ್ತದೆಂದು ಕೊನೆಭಾಗದ ರೈತರನ್ನು ಕೇಳಬೇಕು. ಭತ್ತ ತೆನೆಗಟ್ಟುವ ಹೊತ್ತಿಗೆ ಅವರ ಗದ್ದೆಯಲ್ಲಿ ನೀರಿರುವುದಿಲ್ಲ.

ಇದೇ ಗಂಗಾವತಿಯ ಕಚೇರಿ, ಬ್ಯಾಂಕು, ಕಾಲೇಜು, ರೈಸ್‌ಮಿಲ್ಲುಗಳಲ್ಲಿ ಇನ್ನೊಂದು ಬಗೆಯ ಗೇಟುಗಳಿವೆ. ಗೋಡೆಯ ಮೂಲೆಯ ಪೆಟ್ಟಿಗೆಯಲ್ಲಿ ದೀಪ ಮಿನುಗಿಸುತ್ತ ಕೂತಿರುವ ಸ್ವಿಚ್ಚು, ರೂಟರುಗಳು. ಅಲ್ಲಿ ಹರಿಯುವುದು ನೀರಲ್ಲ, ಮಾಹಿತಿ. ಆ ಪೆಟ್ಟಿಗೆಯ ಒಳಹೊಕ್ಕವರು ಹರಿವನ್ನು ನಿಲ್ಲಿಸಬಹುದು, ಬೇರೆ ಕಡೆ ತಿರುಗಿಸಬಹುದು, ಸದ್ದಿಲ್ಲದೆ ಒಂದು ನಕಲು ತೆಗೆದುಕೊಳ್ಳಲೂಬಹುದು. ಹಾಗಾದರೆ ಒಳಗೆ ಬಿಡುವುದು ಯಾರನ್ನು?

ಈ ಪ್ರಶ್ನೆಯ ಒಂದು ರೂಪಕ್ಕೆ ಕರ್ನಾಟಕ ಎರಡು ದಶಕದ ಹಿಂದೆಯೇ ಉತ್ತರ ಹುಡುಕಿತ್ತು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬುದು ಅದರ ದೊಡ್ಡ ಗುಣ. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು, ಹೆಬ್ಬೆರಳನ್ನು ಎರವಲು ಕೊಡಲಾಗದು. 'ನಾನಲ್ಲ, ಯಾರೋ ಮಾಡಿದ್ದು' ಎನ್ನುವ ದಾರಿ ಅಲ್ಲಿಗೆ ಮುಚ್ಚಿತು.

ತಂತ್ರಾಂಶದ ಬಾಗಿಲಿಗೆ ಹಾಕಿದ ಈ ಶಿಸ್ತು ಅದರಡಿಯ ಸ್ವಿಚ್ಚು, ರೂಟರುಗಳಿಗೂ ಬೇಕು. ಆದರೆ ಎಷ್ಟೋ ಕಡೆ ಅಲ್ಲಿ ಇಂದಿಗೂ ಎಲ್ಲರಿಗೂ ಸೇರಿ 'ಅಡ್ಮಿನ್' ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಅದನ್ನು ಬಿಟ್ಟು, ಪ್ರತಿ ಪೆಟ್ಟಿಗೆಯಲ್ಲೂ ಪ್ರತಿಯೊಬ್ಬರ ಹೆಸರು ಬರೆದಿಡುತ್ತೇವೆ ಎಂದುಕೊಳ್ಳಿ. ಗಂಗಾವತಿ ಇರುವ ಕೊಪ್ಪಳ ಜಿಲ್ಲೆಯಲ್ಲಿ ಮೊದಲು ನಾಲ್ಕು ತಾಲ್ಲೂಕುಗಳಿದ್ದವು. ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳಾದವು. ತಾಲ್ಲೂಕಿಗೆ ಹತ್ತು ಪೆಟ್ಟಿಗೆ, ನೋಡಿಕೊಳ್ಳುವವರು ಐದು ಜನ ಎಂದು ಲೆಕ್ಕ ಹಿಡಿದರೂ 350 ನಮೂದುಗಳು! ಒಬ್ಬರು ಗಂಗಾವತಿಯಿಂದ ವರ್ಗವಾಗಿ ಹೋದರೆ 70 ಕಡೆ ಹೆಸರು ಅಳಿಸಬೇಕು. 69 ಕಡೆ ಅಳಿಸಿ ಒಂದನ್ನು ಮರೆತರೂ ಒಂದು ಗೇಟಿನ ಕೀಲಿ ಹೊರಗೆ ಉಳಿಯಿತು.

ಇದಕ್ಕೆ ಪರಿಹಾರ ಸರಳವಾದದ್ದು: ಗೇಟು ತನ್ನ ಬಳಿ ಪಟ್ಟಿ ಇಟ್ಟುಕೊಳ್ಳಬಾರದು, ಕೇಳಬೇಕು. ಸಂಸ್ಥೆಯ ನೌಕರರ ಹೆಸರು, ಹುದ್ದೆ, ಗುಂಪು ಎಲ್ಲವೂ ಒಂದೇ ಕಡೆ, ಒಂದು ಹೆಸರಿನ ಪುಸ್ತಕದಲ್ಲಿರುತ್ತವೆ. ಇಂಥ ಪುಸ್ತಕವನ್ನು ಓದುವ 'ಎಲ್‌ಡ್ಯಾಪ್' ಎಂಬ ರೀತಿಯನ್ನು 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ರೂಪಿಸಿದರು. ಪುಸ್ತಕಕ್ಕೂ ಗೇಟಿಗೂ ನಡುವೆ ಓಡಾಡುವ ದೂತನ ಹೆಸರು 'ರೇಡಿಯಸ್'. ಫೋನ್ ತಂತಿಯಲ್ಲಿ ಡಯಲ್ ಮಾಡಿ ಜಾಲ ಹಿಡಿಯುತ್ತಿದ್ದ ಕಾಲದಲ್ಲಿ, 1991ರಲ್ಲಿ, ಹುಟ್ಟಿದ ಏರ್ಪಾಡು ಇಂದಿಗೂ ದುಡಿಯುತ್ತಿದೆ.

ಎಂಜಿನಿಯರ್ ಸ್ವಿಚ್ಚಿಗೆ ತನ್ನ ಹೆಸರು, ಪಾಸ್‌ವರ್ಡು ಕೊಡುತ್ತಾರೆ. ಸ್ವಿಚ್ಚು ತಾನೇ ತೀರ್ಮಾನಿಸದೆ ರೇಡಿಯಸ್ ಸರ್ವರನ್ನು ಕೇಳುತ್ತದೆ, ಸರ್ವರ್ ಪುಸ್ತಕ ತೆರೆದು ನೋಡುತ್ತದೆ. ಈ ಏರ್ಪಾಡಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇವರು ಯಾರು? ಇವರು ಏನು ಮಾಡಬಹುದು? ಇವರು ಏನು ಮಾಡಿದರು? ಗುರುತು, ಹಕ್ಕು, ಲೆಕ್ಕ. ಹೊಸದಾಗಿ ಸೇರಿದವರ ಗುಂಪಿಗೆ ನೋಡುವ ಹಕ್ಕು ಮಾತ್ರ, ಹಿರಿಯರ ಗುಂಪಿಗೆ ತಿದ್ದುವ ಹಕ್ಕು. 'ಟಕಾಕ್ಸ್ ಪ್ಲಸ್' ಎಂಬ ಇನ್ನೊಂದು ಏರ್ಪಾಡು ಮತ್ತೂ ಬಿಗಿ. ಒಳಗೆ ಬಿಟ್ಟ ಮೇಲೂ ಒಂದೊಂದು ಆಜ್ಞೆಗೂ ಅದರಲ್ಲಿ ಕೇಂದ್ರ ಸರ್ವರಿನ ಒಪ್ಪಿಗೆ ಕೇಳುವಂತೆ ಮಾಡಬಹುದು.

ಕೀಲಿ ಒಬ್ಬರ ಕೈಯಲ್ಲೇ ಉಳಿದರೆ ಏನಾಗುತ್ತದೆಂಬುದನ್ನು 2008ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಂಡಿತು. ನಗರಾಡಳಿತದ ಜಾಲವನ್ನು ಕಟ್ಟಿದ ಎಂಜಿನಿಯರ್ ಅದರ ಪಾಸ್‌ವರ್ಡುಗಳನ್ನು ಮೇಲಧಿಕಾರಿಗಳಿಗೆ ಕೊಡಲು ಒಪ್ಪಲಿಲ್ಲ. ಬಂಧಿಸಿದರೂ ಬಾಯಿಬಿಡಲಿಲ್ಲ. ಕೊನೆಗೆ ಮೇಯರ್ ಸ್ವತಃ ಜೈಲಿಗೆ ಹೋಗಿ ಕೇಳಬೇಕಾಯಿತು. ಅಷ್ಟೂ ದಿನ ಜಾಲ ಓಡುತ್ತಲೇ ಇತ್ತು, ಆದರೆ ಅದರ ಗೇಟು ಮುಟ್ಟುವ ಶಕ್ತಿ ನಗರಕ್ಕೇ ಇರಲಿಲ್ಲ.

ಒಂದೇ ಪುಸ್ತಕಕ್ಕೂ ಅದರದೇ ಅಪಾಯಗಳಿವೆ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದರೆ ಕುಷ್ಟಗಿಯ ಸ್ವಿಚ್ಚು ದೂರದ ಸರ್ವರನ್ನು ಕೇಳುವುದು ಹೇಗೆ? ಅದಕ್ಕಾಗಿ ಸರ್ವರು ಎರಡಿರಬೇಕು. ಪ್ರತಿ ಪೆಟ್ಟಿಗೆಯಲ್ಲೂ ತುರ್ತಿಗೆಂದು ಒಂದು ಸ್ಥಳೀಯ ಖಾತೆ ಇರಬೇಕು. ಅದರ ಪಾಸ್‌ವರ್ಡು ಮೊಹರು ಮಾಡಿದ ಲಕೋಟೆಯಲ್ಲಿರಲಿ, ಒಡೆದ ಪ್ರತಿ ಸಲವೂ ಬದಲಾಗಲಿ. ಪುಸ್ತಕವೇ ಕಳ್ಳರ ಕೈಸೇರಿದರೆ ಎಲ್ಲ ಗೇಟೂ ಒಟ್ಟಿಗೆ ತೆರೆದಂತೆ. ಆದ್ದರಿಂದ ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಒಟಿಪಿಯಂಥ ಎರಡನೇ ಪುರಾವೆಯೂ ಬೇಕು. ದೂತನನ್ನೂ ಕಣ್ಣುಮುಚ್ಚಿ ನಂಬಲಾಗದು. ದಾರಿಯ ನಡುವೆ ಹೊಂಚಿ ಕೂತವರು ರೇಡಿಯಸ್ಸಿನ 'ಬೇಡ' ಎಂಬ ಉತ್ತರವನ್ನು 'ಬಿಡು' ಎಂದು ಬದಲಿಸಬಹುದೆಂದು 2024ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅದರಲ್ಲಿ ಬಳಸಿದ್ದ ಹಳೆಯ ಗೂಢಲಿಪಿ ವಿಧಾನವೇ ಈ ದೋಷದ ಮೂಲ. ಈ ಮಾತುಕತೆಯನ್ನು ಇಂದಿನ ಭದ್ರ ಗೂಢಲಿಪಿಯ ಹೊದಿಕೆಯೊಳಗೆ ಕಳಿಸುವುದೇ ಅದಕ್ಕೆ ಮದ್ದು.

ಇದೆಲ್ಲ ದೊಡ್ಡ ನಗರಗಳ ಮಾತು ಎಂದು ಗಂಗಾವತಿಯವರು ಬದಿಗಿಡಬೇಕಿಲ್ಲ. ರೇಡಿಯಸ್ಸಿಗೂ ಹೆಸರಿನ ಪುಸ್ತಕಕ್ಕೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳಿವೆ. ಸಾಧಾರಣ ಕಂಪ್ಯೂಟರೊಂದು ಕಾಲೇಜಿಗೆ ಸಾಕು. ತಂತ್ರಾಂಶ ಹಾಕಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಕಳೆದ ವರ್ಷ ನಿಮ್ಮಲ್ಲಿಂದ ವರ್ಗವಾಗಿ ಹೋದವರ, ಕೆಲಸ ಬಿಟ್ಟವರ ಹೆಸರು ಬರೆದುಕೊಂಡು, ಅವರ ಪಾಸ್‌ವರ್ಡು ಇಂದು ಯಾವ ಪೆಟ್ಟಿಗೆಯನ್ನು ತೆರೆಯುತ್ತದೆಂದು ವಿಚಾರಿಸಿ. ಬಿಡುಗಡೆ ಪತ್ರಕ್ಕೆ ಸಹಿ ಬಿದ್ದ ದಿನವೇ ಪುಸ್ತಕದಲ್ಲಿ ಆ ಹೆಸರಿಗೆ ಒಂದು ಗೆರೆ ಬೀಳುವಂತಾಗಬೇಕು. ಎಪ್ಪತ್ತು ಗೇಟುಗಳನ್ನು ಮುಚ್ಚಲು ಆ ಒಂದು ಗೆರೆ ಸಾಕು.