ಡ್ಯಾಶ್‌ಬೋರ್ಡ್ ದೀಪ ಮಿಣುಕುತ್ತಿದೆಯೇ? ಅಲಕ್ಷ್ಯ ಸಲ್ಲದು

ಮಳೆಗಾಲದ ರಾತ್ರಿ. ಸಕಲೇಶಪುರ ದಾಟಿದ ಕಾರು ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಸಾಗುತ್ತಿದೆ. ಹೆಡ್‌ಲೈಟ್, ವೈಪರ್, ಗಾಜಿನ ಮಂಜು ಕಳೆಯುವ ಬ್ಲೋವರ್ ಎಲ್ಲವೂ ಚಾಲನೆಯಲ್ಲಿವೆ. ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡ್‌ನ ದೀಪಗಳು ಮಂಕಾಗುತ್ತವೆ, ಮರುಕ್ಷಣ ಬೆಳಗುತ್ತವೆ, ಮತ್ತೆ ಮಂಕಾಗುತ್ತವೆ. ‘ಬಲ್ಬ್ ಸಡಿಲವಾಗಿರಬೇಕು, ಊರಿಗೆ ಹೋಗಿ ನೋಡಿದರಾಯಿತು’ ಎಂದು ಹೆಚ್ಚಿನವರು ಮುಂದೆ ಸಾಗುತ್ತಾರೆ. ಆದರೆ ಅನೇಕ ಬಾರಿ ಇದು ಬಲ್ಬಿನ ದೋಷವಲ್ಲ, ಕಾರಿನ ವಿದ್ಯುತ್ ಪೂರೈಕೆಯೇ ಕುಸಿಯುತ್ತಿರುವುದರ ಮುನ್ಸೂಚನೆ.

ಎಂಜಿನ್ ಓಡುತ್ತಿರುವಾಗ ಕಾರಿಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುವುದು ಆಲ್ಟರ್ನೇಟರ್. ಅದು ಕೈಕೊಟ್ಟರೆ ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿಯೇ ಆಧಾರ. ಅದೂ ಬರಿದಾದಾಗ ಹೆಡ್‌ಲೈಟ್ ಮಂಕಾಗುತ್ತದೆ, ವಿದ್ಯುತ್ ಚಾಲಿತ ಸ್ಟಿಯರಿಂಗ್ ಭಾರವಾಗುತ್ತದೆ, ಕೊನೆಗೆ ಎಂಜಿನ್ನೇ ನಿಂತುಹೋಗಬಹುದು.

ಮೊದಲು ಗಮನಿಸಿ

ಯಾವ ದೀಪ, ಯಾವಾಗ ಮಿಣುಕುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಪತ್ತೆ ಮುಗಿದಂತೆ. ಡ್ಯಾಶ್‌ಬೋರ್ಡ್‌ನೊಂದಿಗೆ ಹೆಡ್‌ಲೈಟ್ ಹಾಗೂ ಒಳದೀಪವೂ ಮಿಣುಕಿದರೆ ದೋಷ ಬ್ಯಾಟರಿ, ಆಲ್ಟರ್ನೇಟರ್ ಅಥವಾ ಅರ್ಥಿಂಗ್ ಸಂಪರ್ಕದಲ್ಲಿದೆ. ಎಂಜಿನ್ ವೇಗಕ್ಕೆ ತಕ್ಕಂತೆ ಬೆಳಕು ಏರಿಳಿದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಮೇಲೆ ಸಂಶಯ ಪಡಬೇಕು. ಹಳ್ಳ ಬಿದ್ದ ರಸ್ತೆಯಲ್ಲಿ ಮಾತ್ರ ಮಿಣುಕಿದರೆ ಎಲ್ಲೋ ಸಂಪರ್ಕ ಸಡಿಲವಾಗಿದೆ ಎಂದರ್ಥ. ಕೀಲಿಯನ್ನು ತುಸು ಅಲುಗಾಡಿಸಿದಾಗ ದೀಪ ಆರಿ ಹತ್ತಿದರೆ ಇಗ್ನಿಷನ್ ಸ್ವಿಚ್ ಸವೆದಿರುವ ಸಾಧ್ಯತೆ ಹೆಚ್ಚು. ಕಾರಿನ ಕೀಲಿಗೆ ಮನೆ, ಕಚೇರಿಗಳ ಕೀಲಿಗಳನ್ನೆಲ್ಲ ಗೊಂಚಲಾಗಿ ತೂಗುಹಾಕುವವರು ಇದನ್ನು ನೆನಪಿಡಬೇಕು.

ಒಂದು ಎಚ್ಚರಿಕೆ. ಮಿಣುಕುತ್ತಿರುವುದು ಆಯಿಲ್ ಒತ್ತಡದ ಕೆಂಪು ದೀಪವಾಗಿದ್ದರೆ ಅದು ವಿದ್ಯುತ್ ಸಮಸ್ಯೆ ಎಂದು ಭಾವಿಸಿ ಓಡಿಸಬೇಡಿ. ಸುರಕ್ಷಿತ ಸ್ಥಳದಲ್ಲಿ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿ. ಆಯಿಲ್ ಒತ್ತಡವಿಲ್ಲದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಲ್ಲದು.

ಖರ್ಚಿಲ್ಲದ ತಪಾಸಣೆ

ಎಂಜಿನ್ ಆರಿಸಿ ಬಾನೆಟ್ ತೆರೆಯಿರಿ. ಬ್ಯಾಟರಿಯ ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಲು ಯತ್ನಿಸಿ, ಅಲುಗಾಡಿದರೆ ಬಿಗಿಗೊಳಿಸಬೇಕು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಋಣ, ಬಳಿಕ ಧನ ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ಉಜ್ಜಿ ಒಣಗಿಸಿ. ಮರುಜೋಡಣೆಯಲ್ಲಿ ಧನ ಮೊದಲು, ಋಣ ಕೊನೆಗೆ. ಬ್ಯಾಟರಿಯ ಋಣ ತುದಿಯಿಂದ ಕಾರಿನ ದೇಹಕ್ಕೂ ಎಂಜಿನ್ನಿಗೂ ಹೋಗುವ ಅರ್ಥಿಂಗ್ ತಂತಿ ತುಕ್ಕು ಹಿಡಿದಿದೆಯೇ ನೋಡಿ. ಉಪ್ಪುಗಾಳಿಯ ಕರಾವಳಿಯಲ್ಲಿ ಓಡುವ ಕಾರುಗಳಲ್ಲಿ ಇದರ ಬಗ್ಗೆ ವಿಶೇಷ ನಿಗಾ ಅಗತ್ಯ.

ನಂತರ ಮಲ್ಟಿಮೀಟರ್ ಬಳಸಿ. ಕೆಲವು ಗಂಟೆ ನಿಂತ ಕಾರಿನ ಸುಸ್ಥಿತಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರುತ್ತದೆ. ಹೆಡ್‌ಲೈಟ್, ಬ್ಲೋವರ್ ಹಾಕಿದಾಗ 13ಕ್ಕಿಂತ ಕೆಳಗಿಳಿದು ಅಲ್ಲೇ ಉಳಿದರೆ ಚಾರ್ಜಿಂಗ್ ದುರ್ಬಲ. 15 ದಾಟಿದರೆ ರೆಗ್ಯುಲೇಟರ್ ದೋಷಪೂರಿತ. ಹೊಸ ಕಾರುಗಳಲ್ಲಿ ಇಂಧನ ಉಳಿತಾಯಕ್ಕಾಗಿ ಕಂಪ್ಯೂಟರ್ ತಾನೇ ವೋಲ್ಟೇಜ್ ಏರಿಳಿಸುವುದರಿಂದ ಒಂದೇ ಅಳತೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು. ದೀಪಗಳು ಉರಿಯುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಅಳೆದು ನೋಡಿ. ವ್ಯತ್ಯಾಸ 0.2 ವೋಲ್ಟ್ ಮೀರಿದರೆ ಅರ್ಥಿಂಗ್ ಸರಿಯಿಲ್ಲ.

ಡ್ಯಾಶ್‌ಬೋರ್ಡ್ ಮಾತ್ರ ಮಿಣುಕಿದರೆ?

ಉಳಿದ ದೀಪಗಳೆಲ್ಲ ಸ್ಥಿರವಾಗಿದ್ದರೆ ಗಾಬರಿ ಬೇಡ. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಗುಂಡಿಯನ್ನು ನಾಲ್ಕಾರು ಬಾರಿ ಪೂರ್ತಿ ತಿರುಗಿಸಿ. ಹಳೆಯ ಕಾರುಗಳಲ್ಲಿ ಅದರೊಳಗಿನ ಸಂಪರ್ಕ ಮಾಸಿರುತ್ತದೆ. ಫ್ಯೂಸ್ ಸಡಿಲವೇ ಪರೀಕ್ಷಿಸಿ. ಮೂಲ ಬಲ್ಬ್ ತೆಗೆದು ಅಗ್ಗದ ಎಲ್‌ಇಡಿ ಹಾಕಿಸಿದ್ದರೆ ಡಿಮ್ಮರ್‌ಗೆ ಅದು ಹೊಂದದೆಯೂ ಮಿಣುಕಬಹುದು. ಮೀಟರ್ ಫಲಕವನ್ನೇ ಬಿಚ್ಚಬೇಕಾದರೆ ಆ ಕೆಲಸವನ್ನು ಏರ್‌ಬ್ಯಾಗ್ ತಂತಿಗಳ ಅರಿವಿರುವ ತಂತ್ರಜ್ಞರಿಗೇ ಬಿಡುವುದು ಲೇಸು.

ಆಲ್ಟರ್ನೇಟರ್ ಪರೀಕ್ಷಿಸಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕಳಚುವ ಹಳೆಯ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ. ಇದಕ್ಕೆ ಖಂಡಿತ ಅವಕಾಶ ಕೊಡಬೇಡಿ. ಆಗ ಜಿಗಿಯುವ ವೋಲ್ಟೇಜ್ ಕಾರಿನ ಕಂಪ್ಯೂಟರನ್ನೇ ಸುಡಬಲ್ಲದು.

ದಾರಿ ಮಧ್ಯೆ ಎಲ್ಲ ದೀಪಗಳೂ ಮಿಣುಕಿ, ಬ್ಯಾಟರಿ ಚಿಹ್ನೆಯ ಕೆಂಪು ದೀಪವೂ ಹತ್ತಿದರೆ ಎಸಿ, ಸಂಗೀತ, ಮೊಬೈಲ್ ಚಾರ್ಜರ್ ಆರಿಸಿ. ಹೆಡ್‌ಲೈಟ್ ಮಾತ್ರ ಇರಲಿ. ಒಮ್ಮೆ ನಿಂತ ಎಂಜಿನ್ ಮತ್ತೆ ಚಾಲೂ ಆಗದಿರಬಹುದಾದ್ದರಿಂದ ಜನವಸತಿಯಿರುವ ಸುರಕ್ಷಿತ ಸ್ಥಳ ತಲುಪುವವರೆಗೆ ಆರಿಸಬೇಡಿ. ಆದರೆ ಎಂಜಿನ್ನಿನ ಉಷ್ಣತೆ ಏರುತ್ತಿದ್ದರೆ ಬೆಲ್ಟ್ ತುಂಡಾಗಿರಬಹುದು. ಆಗ ನಿಲ್ಲಿಸುವುದು ಅನಿವಾರ್ಯ.

ಗ್ಯಾರೇಜಿನಲ್ಲಿ ‘ಆಲ್ಟರ್ನೇಟರ್ ಬದಲಿಸಬೇಕು’ ಎಂದರೆ ಒಪ್ಪುವ ಮುನ್ನ ವೋಲ್ಟೇಜ್ ಎಷ್ಟಿದೆ ಎಂದು ಕೇಳಿ, ನಿಮ್ಮೆದುರೇ ಅಳೆಯಲು ಹೇಳಿ. ಸಾವಿರಾರು ರೂಪಾಯಿಯ ಬಿಡಿಭಾಗ ಬದಲಾದ ಮೇಲೆ ನಿಜವಾದ ದೋಷ ಸಡಿಲ ನಟ್ಟೊಂದರಲ್ಲಿತ್ತು ಎಂದು ತಿಳಿದರೆ ಪ್ರಯೋಜನವೇನು?