ಗಮಕವಿಲ್ಲದ ವಾದ್ಯ, ಕಛೇರಿಯ ಕಿವಿ

ಮೈಸೂರಿನ ಯಾವುದೇ ಸಂಗೀತ ಕಛೇರಿಗೆ ಹೋಗಿ ನೋಡಿ. ತನಿ ಆವರ್ತನ ಆರಂಭವಾಗುತ್ತಿದ್ದಂತೆ ಸಭಿಕರಲ್ಲಿ ಒಂದಷ್ಟು ಮಂದಿ ಮೆಲ್ಲನೆ ಎದ್ದು ಕಾಫಿಯತ್ತ ನಡೆಯುತ್ತಾರೆ. ಉಳಿದವರು ಕುರ್ಚಿಯ ಅಂಚಿಗೆ ಸರಿದು ಕುಳಿತು, ತೊಡೆಯ ಮೇಲೆ ತಾಳ ಹಾಕತೊಡಗುತ್ತಾರೆ. ಈ ಲೇಖನ ಎರಡನೆಯ ಗುಂಪಿನವರಿಗಾಗಿ. ಅವರಿಗೆ ಹೇಳಬೇಕಾದದ್ದು ಇಷ್ಟು: ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಜಾಜ್ ಪಿಯಾನೊ ವಾದಕರು ಇಬ್ಬರು ಮೂವರು ಸಹವಾದಕರೊಡನೆ ಹೊರತಂದಿರುವ ಧ್ವನಿಮುದ್ರಿಕೆಗಳನ್ನು ಕೇಳಲು ಬೇಕಾದ ಸಿದ್ಧತೆ ನಿಮಗೆ ಆಗಲೇ ಇದೆ. ಅದು ನಿಮಗೆ ತಿಳಿದಿಲ್ಲ, ಅಷ್ಟೆ.

ನಮ್ಮ ಬೀದಿಯಲ್ಲಿ ಹಿರಿಯ ಮೃದಂಗ ವಿದ್ವಾಂಸರೊಬ್ಬರಿದ್ದಾರೆ. ಒಂದು ಸಂಜೆ ಅವರಿಗೆ ವಿಜಯ್ ಅಯ್ಯರ್ ಅವರ 'ಅನ್‌ಈಸಿ' ಎಂಬ ಮುದ್ರಿಕೆ ಕೇಳಿಸಿದೆ. "ಪಿಯಾನೊ ಅಂತೀರಿ, ಅದರಲ್ಲಿ ಗಮಕ ಎಲ್ಲಿ ಬಂತು ಸ್ವಾಮಿ?" ಎಂದು ಮೊದಲೇ ತಕರಾರು ತೆಗೆದರು. ಹತ್ತು ನಿಮಿಷ ಕಳೆದಿರಬೇಕು, ಬಲಗೈ ಬೆರಳುಗಳು ಕುರ್ಚಿಯ ಕೈಮೇಲೆ ಎಣಿಕೆಗೆ ತೊಡಗಿದ್ದವು. ಅವರು ಮೊದಲು ವಿಚಾರಿಸಿದ್ದು ಪಿಯಾನೊ ನುಡಿಸುವವರನ್ನಲ್ಲ, ಡ್ರಮ್ಸ್ ನುಡಿಸುವವರನ್ನು. "ಯಾರೀ ಮಹಾನುಭಾವ? ಮುಕ್ತಾಯಕ್ಕೆ ಬಂದೇಬಿಟ್ಟ ಅನ್ನಿಸಿ, ಸಮದ ಬಾಗಿಲಲ್ಲಿ ಹಿಂದಕ್ಕೆ ತಿರುಗ್ತಾನಲ್ಲ!"

ಆ ಮಹಾನುಭಾವ ಟೈಶಾನ್ ಸೋರಿ. ಸ್ವತಃ ಸಂಗೀತ ರಚನಕಾರರಾದ ಅವರಿಗೆ 2024ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಆಳೆತ್ತರದ ಡಬಲ್ ಬಾಸ್ ನುಡಿಸುವ ಲಿಂಡಾ ಮೇ ಹಾನ್ ಓ ಮಲೇಷ್ಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವರು. ವಿಜಯ್ ಅಯ್ಯರ್ ಅಮೆರಿಕದಲ್ಲಿ 1971ರಲ್ಲಿ ತಮಿಳು ಕುಟುಂಬವೊಂದರಲ್ಲಿ ಜನಿಸಿದವರು. ಗಣಿತ ಮತ್ತು ಭೌತವಿಜ್ಞಾನ ಓದಿ, ಕಡೆಗೆ ಸಂಗೀತಕ್ಕೆ ಬಂದು, ಈಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾರೆ. ಈ ಮೂವರ 'ಅನ್‌ಈಸಿ' 2021ರಲ್ಲಿ, 'ಕಂಪ್ಯಾಶನ್' 2024ರಲ್ಲಿ ಹೊರಬಂದವು.

ಗಮಕದ ತಕರಾರನ್ನು ತಳ್ಳಿಹಾಕುವಂತಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗುಣವೇ ನಮ್ಮ ರಾಗದ ಜೀವ. ಪಿಯಾನೊದ ಮನೆಗಳಾದರೋ ಕಟ್ಟಿಟ್ಟ ಮನೆಗಳು. ಇದೇ ಕಾರಣದ ಮೇಲೆ ಹಾರ್ಮೋನಿಯಂ ಅನ್ನು ಆಲ್ ಇಂಡಿಯಾ ರೇಡಿಯೊ 1940ರಿಂದ ಮೂರು ದಶಕ ಕಾಲ ಹೊರಗಿಟ್ಟಿತ್ತು. ಆದರೆ ಒಂದು ವಾದ್ಯದಲ್ಲಿ ಇಲ್ಲದ್ದನ್ನೇ ಹುಡುಕುತ್ತ ಕುಳಿತರೆ ಇರುವುದು ಕಿವಿಗೆ ಬೀಳುವುದಿಲ್ಲ. ಪಿಯಾನೊದಲ್ಲಿ ಹತ್ತು ಬೆರಳು ಹತ್ತು ಸ್ವರಗಳನ್ನು ಒಮ್ಮೆಗೇ ನುಡಿಸಬಲ್ಲವು. ಎಡಗೈ ಒಂದು ಲೆಕ್ಕ ಹಿಡಿದಿರುವಾಗ ಬಲಗೈ ಇನ್ನೊಂದು ಲೆಕ್ಕದಲ್ಲಿ ಓಡಬಲ್ಲದು. ತಾರವಾದ್ಯವೂ ತಾಳವಾದ್ಯವೂ ಒಂದೇ ಪೆಟ್ಟಿಗೆಯೊಳಗಿವೆ ಎನ್ನಬಹುದು. ಆದಕಾರಣ ನಮ್ಮ ಕೇಳುಗ ಈ ಸಂಗೀತವನ್ನು ರಾಗದ ಬಾಗಿಲಿಂದ ಪ್ರವೇಶಿಸಲು ಹೊರಟರೆ ಹಣೆ ಬಡಿದುಕೊಳ್ಳುತ್ತಾನೆ. ಲಯದ ಬಾಗಿಲು ಮಾತ್ರ ತೆರೆದೇ ಇದೆ.

ಕ್ರಮವೂ ತೀರ ಅಪರಿಚಿತವಲ್ಲ. ಮೊದಲು ಎಲ್ಲರೂ ಸೇರಿ ಒಂದು ಧಾಟಿಯನ್ನು ನುಡಿಸುತ್ತಾರೆ. ಸಾಮಾನ್ಯವಾಗಿ ಅದು 12 ಅಥವಾ 32 ಅಳತೆಗಳಷ್ಟಿರುತ್ತದೆ. ಅನಂತರ ಅದೇ ಆವರ್ತ ಮತ್ತೆ ಮತ್ತೆ ಸುತ್ತುತ್ತಿರುವಾಗ ಒಬ್ಬೊಬ್ಬರೂ ತಮ್ಮ ಮನೋಧರ್ಮವನ್ನು ತೋರುತ್ತಾರೆ. ಕಡೆಗೆ ಧಾಟಿಗೆ ಮರಳುತ್ತಾರೆ. ನೆರವಲು, ಕಲ್ಪನಾಸ್ವರ ಕೇಳಿ ಪಲ್ಲವಿಗೆ ಬಂದು ಸೇರಿದ ಅನುಭವವುಳ್ಳವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತೊಡಕಿರುವುದು ಒಂದೇ ಕಡೆ. ನಮ್ಮ ಷಡ್ಜ ತಂಬೂರಿಯಲ್ಲಿ ನೆಲೆನಿಂತಿರುತ್ತದೆ, ಅಲ್ಲಿ ನೆಲವೇ ಸರಿಯುತ್ತಿರುತ್ತದೆ. ಎರಡು ಅಳತೆಗೊಮ್ಮೆ ಸ್ವರಗಳ ಗುಚ್ಛ ಬದಲಾಗಿ, ಈಗಷ್ಟೇ ಆಧಾರವಾಗಿದ್ದುದು ಮರುಕ್ಷಣ ಅತಿಥಿಯಾಗುತ್ತದೆ. ಇದು ಒಗ್ಗಲು ನನಗೇ ವರ್ಷಗಳು ಹಿಡಿದವು. ಒಗ್ಗುವ ತನಕ ಬಾಸ್ ವಾದ್ಯದ ಮೇಲೆ ಕಿವಿಯಿಟ್ಟಿರುವುದು ಕ್ಷೇಮ. ಸರಿಯುವ ನೆಲವನ್ನು ತೋರಿಸಿಕೊಡುವುದು ಅದೇ.

ಪಿಯಾನೊ ಮುಂದೆ, ಉಳಿದಿಬ್ಬರು ಪಕ್ಕವಾದ್ಯ ಎಂಬ ಪದ್ಧತಿ ಜಾಜ್‌ನಲ್ಲೂ ಬಹುಕಾಲ ಇತ್ತು. ಬಿಲ್ ಇವಾನ್ಸ್ ಎಂಬ ವಾದಕ ಅದನ್ನು ಸಡಿಲಿಸಿದರು. 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯಲ್ಲಿ ಅವರೂ ಬಾಸ್ ವಾದಕ ಸ್ಕಾಟ್ ಲಫಾರೊ, ಡ್ರಮ್ಸ್ ವಾದಕ ಪಾಲ್ ಮೋಷನ್ ಅವರೂ ನುಡಿಸಿದ್ದು ಮುದ್ರಣಗೊಂಡಿದೆ. ಅದರಲ್ಲಿ ಯಾರು ಮುಂದೆ, ಯಾರು ಪಕ್ಕ ಎಂದು ಹೇಳಲಾಗದು. ಪಿಯಾನೊ ಒಂದು ವಾಕ್ಯವನ್ನು ಅರ್ಧಕ್ಕೆ ಬಿಡುತ್ತದೆ, ಬಾಸ್ ಅದನ್ನು ಎತ್ತಿಕೊಳ್ಳುತ್ತದೆ. ಹಿಂದೆ ಲೋಟಗಳ ಸದ್ದು, ಸಭಿಕರ ಪಿಸುಮಾತು. ಗಣೇಶೋತ್ಸವದ ಚಪ್ಪರದಲ್ಲಿ ಕಛೇರಿ ಕೇಳಿ ಬೆಳೆದ ಒಂಟಿಕೊಪ್ಪಲಿನವರಿಗೆ ಇದೇನೂ ಅಡ್ಡಿಯಾಗದು. ಆ ಭಾನುವಾರದ ಹನ್ನೊಂದನೆಯ ದಿನ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು. ಅಂದು ಅಲ್ಲಿ ಮುದ್ರಣಯಂತ್ರ ಇಲ್ಲದಿದ್ದರೆ ಮೂವರು ಸಮಾನರಾಗಿ ಸಂಭಾಷಿಸಿದ ಆ ರೀತಿಯ ಬಗ್ಗೆ ಬರೀ ಬಾಯಿಮಾತು ಉಳಿದಿರುತ್ತಿತ್ತು.

ಹೊಸ ಮುದ್ರಿಕೆಗಳು ಆ ಸಂಭಾಷಣೆಯ ಮುಂದುವರಿಕೆ. 'ಅನ್‌ಈಸಿ'ಯ ಮೊದಲ ರಚನೆ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಮಕ್ಕಳ ಹೆಸರಿನದು. 2014ರ ನಂತರ ಕುಡಿಯುವ ನೀರಿನಲ್ಲಿ ಸೀಸ ಬೆರೆತ ಊರು ಅದು. ಅಬ್ಬರವಿಲ್ಲದೆ, ದುಃಖವನ್ನು ಜಾಹೀರು ಮಾಡದೆ ಸಾಗುವ ರಚನೆ. ಅದೇ ಮುದ್ರಿಕೆಯಲ್ಲಿ ಕೋಲ್ ಪೋರ್ಟರ್ ಅವರ 1932ರ ಜನಪ್ರಿಯ ಗೀತೆ 'ನೈಟ್ ಅಂಡ್ ಡೇ' ಉಂಟು, 2017ರಲ್ಲಿ ನಿಧನರಾದ ಪಿಯಾನೊ ವಾದಕಿ ಜೆರಿ ಆಲನ್ ಅವರ 'ಡ್ರಮರ್ಸ್ ಸಾಂಗ್' ಉಂಟು. 'ಕಂಪ್ಯಾಶನ್' ನನಗೆ ತುಸು ಕಡಿಮೆ ಹಿಡಿಸಿತು. ಎರಡನ್ನೂ ಪ್ರಕಟಿಸಿದ ಮ್ಯೂನಿಕ್ ನಗರದ ಇಸಿಎಂ ಸಂಸ್ಥೆಗೆ ಎಲ್ಲ ನಾದಕ್ಕೂ ದೇವಸ್ಥಾನದ ಪ್ರಾಕಾರದ ಅನುರಣನ ಲೇಪಿಸುವ ಹಳೆಯ ಚಾಳಿ ಇದೆ, ಇಲ್ಲಿ ಅದು ಹೆಚ್ಚಾಗಿದೆ. ಹಾಗಿದ್ದರೂ 2021ರಲ್ಲಿ ತೀರಿಕೊಂಡ ಚಿಕ್ ಕೊರಿಯ ಅವರ ಸ್ಮರಣೆಯಲ್ಲಿ ನುಡಿಸಿರುವ, ಸ್ಟೀವಿ ವಂಡರ್ ಅವರ ಗೀತೆ 'ಓವರ್‌ಜಾಯ್ಡ್' ಕೇಳಿದಾಗ ದೂರು ಮರೆಯುತ್ತದೆ. ಒರಟು, ಮೊನಚು ಬೇಕೆನ್ನುವವರು ಕೆನಡಾ ಮೂಲದ ಕ್ರಿಸ್ ಡೇವಿಸ್ ಅವರ 'ರನ್ ದಿ ಗಾಂಟ್ಲೆಟ್' (2024) ಕೇಳಬಹುದು. ಅದೂ ಮೂವರ ಮೇಳವೇ.

ಇದೆಲ್ಲ ಅಮೆರಿಕದ ಮಾತಾಯಿತು, ಇದರಲ್ಲಿ ನಮ್ಮದೇನು ಎಂದು ಕೇಳಬಹುದು. ಇದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗನೊಬ್ಬ ಮುಂದೆ ಕದ್ರಿ ಗೋಪಾಲನಾಥ್ ಆದ ಕಥೆ ಮೈಸೂರಿಗರಿಗೆ ಗೊತ್ತು. ಅದರ ಮುಂದಿನ ಅಧ್ಯಾಯ ಅಷ್ಟು ಪ್ರಚಾರದಲ್ಲಿಲ್ಲ. ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದ ಕರ್ನಾಟಕ ಮೂಲದ ತರುಣ. ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನಲ್ಲಿ ಜಾಜ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಕದ್ರಿಯವರ ಮುದ್ರಿಕೆಯೊಂದನ್ನು ಕೊಟ್ಟರಂತೆ. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಕದ್ರಿಯವರೂ ಮಹಾಂತಪ್ಪನವರೂ ಜೊತೆಗೂಡಿ 'ಕಿನ್ಸ್‌ಮೆನ್' ಹೊರತಂದರು. ಪಿಟೀಲಿಗೆ ಎ. ಕನ್ಯಾಕುಮಾರಿ ಇದ್ದರು. ಇದೇ ಮಹಾಂತಪ್ಪನವರು 'ಪನಾಪ್ಟಿಕ್ ಮೋಡ್ಸ್' (2001), 'ಬ್ಲಡ್ ಸೂತ್ರ' (2003), 'ರೀಇಮ್ಯಾಜಿನಿಂಗ್' (2005) ಮುದ್ರಿಕೆಗಳಲ್ಲಿ ವಿಜಯ್ ಅಯ್ಯರ್ ಅವರ ನಾಲ್ವರ ಮೇಳದ ಸ್ಯಾಕ್ಸೊಫೋನ್ ವಾದಕರು. ಅಂದಮೇಲೆ ಅಯ್ಯರ್ ಅವರ ಪಿಯಾನೊದ ಪಕ್ಕದಲ್ಲಿ ಮೈಸೂರು ಅರಮನೆಯ ಬ್ಯಾಂಡಿನ ಒಂದು ದೂರದ ಪ್ರತಿಧ್ವನಿ ವರ್ಷಗಟ್ಟಲೆ ಇತ್ತು ಎಂದರೆ ಉತ್ಪ್ರೇಕ್ಷೆಯಾಗದು.

ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯದು ಮತ್ತೊಂದು ಎಳೆ. ಮಣಿಯವರ ಮೃದಂಗ, ಆರ್.ಎ. ರಮಾಮಣಿ ಅವರ ಕಂಠ, ಅಮೆರಿಕದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್ ಕೂಡಿದ 'ಜ್ಯೋತಿ'ಯನ್ನು ಅದೇ ಇಸಿಎಂ ಸಂಸ್ಥೆ 1983ರಲ್ಲಿ ಪ್ರಕಟಿಸಿತು. ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರೊಡನೆಯೂ ರಮಾಮಣಿ ಹಾಡಿದರು. ಸೊಲ್ಕಟ್ಟು ಕೇಳಿ ಯುರೋಪಿನ ಸಭಿಕರು ಬೆರಗಾಗುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿ 'ಜ್ಯೋತಿ' ಇತ್ತು? ನನ್ನ ಪರಿಚಿತರಲ್ಲಿ ಒಬ್ಬರ ಮನೆಯಲ್ಲಿ ಮಾತ್ರ, ಅದೂ ಜರ್ಮನಿಯಿಂದ ತಂದದ್ದು.

ಇಲ್ಲಿ ಜಯಚಾಮರಾಜೇಂದ್ರ ಒಡೆಯರನ್ನು ನೆನೆಯಲೇಬೇಕು. ಯೌವನದಲ್ಲಿ ಅವರಿಗೆ ಪಿಯಾನೊ ವಾದಕರಾಗುವ ಹಂಬಲವಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ಕೆಲವೇ ತಿಂಗಳ ಅಂತರದಲ್ಲಿ ಗತಿಸಿ, ಸಿಂಹಾಸನ ಆ ಹಂಬಲಕ್ಕೆ ತೆರೆಯೆಳೆಯಿತು. ಆಗ ರಷ್ಯಾದ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದರು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ವಾದ್ಯವೃಂದದೊಡನೆ ಅವರ ಮೂರು ಕಾನ್ಸರ್ಟೊಗಳು, ಬಿಡಿ ಪಿಯಾನೊ ಕೃತಿಗಳು, ಗೀತೆಗಳು ಎಚ್.ಎಂ.ವಿ. ತಟ್ಟೆಗಳಾದವು. ಮೂರನೆಯ ಕಾನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತ. 1951ರಲ್ಲಿ ಮೆಡ್ಟ್ನರ್ ತೀರಿಕೊಂಡರು. ಇಂದು ಅವರ ನುಡಿಸಾಣಿಕೆ ಹೇಗಿತ್ತೆಂದು ಲೋಕಕ್ಕೆ ತಿಳಿದಿರುವುದರಲ್ಲಿ ಬಹುಪಾಲು ಮೈಸೂರಿನ ಹಣದಿಂದ. ಅವರು ಆಧುನಿಕ ಸಂಗೀತವನ್ನೇ ಖಂಡಿಸಿ ಪುಸ್ತಕ ಬರೆದವರು. ತಮ್ಮ ಹೆಸರನ್ನು ಜಾಜ್ ಲೇಖನವೊಂದರಲ್ಲಿ ತಂದದ್ದಕ್ಕೆ ಖಂಡಿತ ಮುನಿಯುತ್ತಿದ್ದರು! ಇತ್ತ ಮಹಾರಾಜರು 94 ಕರ್ನಾಟಕ ಕೃತಿಗಳನ್ನು ರಚಿಸಿದರು. ಒಂದು ಕಿವಿ ಎರಡು ಸಂಗೀತಗಳಿಗೆ ಸಾಲದೆಂದು ಅವರಿಗೆ ತೋರಲಿಲ್ಲ.

ಈಗ ಮಹಾರಾಜರಿಲ್ಲ, ಅವರ ಅಗತ್ಯವೂ ಇಲ್ಲವೆಂದು ನಾವು ಭಾವಿಸಿದ್ದೇವೆ. ಏಕೆಂದರೆ ಎಲ್ಲವೂ ಮೊಬೈಲಿನಲ್ಲಿದೆ. ಬಹುಕಾಲ ಹಟ ಹಿಡಿದಿದ್ದ ಇಸಿಎಂ ಕೂಡ 2017ರ ನವೆಂಬರಿನಲ್ಲಿ ತನ್ನ ಭಂಡಾರವನ್ನು ಸ್ಟ್ರೀಮಿಂಗಿಗೆ ತೆರೆಯಿತು. 'ಜ್ಯೋತಿ'ಗಾಗಿ ಜರ್ಮನಿಗೆ ಹೋಗುವ ಬಂಧುಗಳನ್ನು ಕಾಡಬೇಕಾಗಿಲ್ಲ. ಇದು ಲಾಭವೇ. ಆದರೆ ಮೂರು ಜನ ಸ್ಟುಡಿಯೊ ಬಾಡಿಗೆ ತೆತ್ತು, ಶ್ರುತಿ ಮಾಡಿಸಿದ ಗ್ರ್ಯಾಂಡ್ ಪಿಯಾನೊ ಇಟ್ಟು ನುಡಿಸಿದ ಸಂಗೀತಕ್ಕೆ ನಮ್ಮ ಒಂದು ಕೇಳ್ಮೆಯಿಂದ ತಲುಪುವುದು ಚಿಲ್ಲರೆಯೂ ಅಲ್ಲ. ಹೆಸರಾಂತ ಅಯ್ಯರ್ ಅವರಿಗೆ ವಿಶ್ವವಿದ್ಯಾಲಯದ ಸಂಬಳವಿದೆ, ಬೆನ್ನ ಹಿಂದೆ ಪ್ರಕಾಶಕರಿದ್ದಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪಿಯಾನೊ, ಬಾಸ್, ಮೃದಂಗ ಕೂಡಿಸಿ ಹೊಸದೇನನ್ನೋ ಕಟ್ಟಲು ಹೊರಟ ತರುಣರಿಗೆ ಎರಡೂ ಇಲ್ಲ. ಅಂಥವರ ಮುದ್ರಿಕೆ ಮಾರಾಟಕ್ಕಿದ್ದರೆ ಕೊಳ್ಳುವುದು ನಮ್ಮ ಅಳತೆಯ ಒಡೆಯರ ಕೆಲಸ. ಮದುವೆಯೊಂದರ ಒಂದು ಊಟದೆಲೆಯ ಖರ್ಚಿಗಿಂತ ಅದು ಕಡಿಮೆ.

ಇನ್ನೊಂದು ಮಾತು, ಮೊಬೈಲಿನ ಪುಟ್ಟ ಸ್ಪೀಕರಿನ ಬಗ್ಗೆ. ಡಬಲ್ ಬಾಸಿನ ಅತಿ ಮಂದ್ರ ತಂತಿಯ ಕಂಪನ ಸೆಕೆಂಡಿಗೆ 41ರಷ್ಟು. ಆ ನಾದವನ್ನು ಹೊರಡಿಸುವ ಶಕ್ತಿ ಅಂಗೈಯಗಲದ ಯಂತ್ರಕ್ಕಿಲ್ಲ. ಆದಕಾರಣ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲ್ ಇಟ್ಟು ಮೂವರ ಮೇಳ ಕೇಳಿದವರು ವಾಸ್ತವವಾಗಿ ಇಬ್ಬರನ್ನಷ್ಟೇ ಕೇಳಿರುತ್ತಾರೆ. ಸರಿಯುವ ನೆಲವನ್ನು ತೋರಿಸಬೇಕಾದ ಬಾಸ್ ಅವರ ಪಾಲಿಗೆ ಹಾಜರೇ ಇಲ್ಲ. "ಜಾಜ್ ಅರ್ಥವಾಗೋದಿಲ್ಲ" ಎನ್ನುವವರಲ್ಲಿ ಕೆಲವರಿಗಾದರೂ ಕಾರಣ ಇದೇ ಇದ್ದೀತು. ಒಳ್ಳೆಯ ಹೆಡ್‌ಫೋನ್ ಸಾಕು. ಮತ್ತು ಮುಕ್ಕಾಲು ಗಂಟೆ, ನಡುವೆ ಏಳದೆ.

ಮೊದಲ ಸಲ ಕೇಳುವವರು ಡೇವ್ ಬ್ರೂಬೆಕ್ ಅವರ 1959ರ 'ಟೈಮ್ ಔಟ್'ನಿಂದ ಆರಂಭಿಸಬಹುದು. ಪಿಯಾನೊ ವಾದಕರಾದ ಬ್ರೂಬೆಕ್ ಹಿಂದಿನ ವರ್ಷವಷ್ಟೇ ತಮ್ಮ ನಾಲ್ವರ ಮೇಳದೊಡನೆ ಭಾರತ ಸುತ್ತಿ ಹೋಗಿದ್ದರು. ಅದರಲ್ಲಿ ಐದರ ಎಣಿಕೆಯ 'ಟೇಕ್ ಫೈವ್', ಒಂಬತ್ತರ ಎಣಿಕೆಯ 'ಬ್ಲೂ ರೊಂಡೊ' ಇವೆ. ಒಂಬತ್ತನ್ನು ಎರಡು, ಎರಡು, ಎರಡು, ಮೂರು ಎಂದು ಒಡೆದಿರುವುದನ್ನು ನಮ್ಮ ಮಕ್ಕಳು ಬೆರಳಲ್ಲೇ ಹಿಡಿಯುತ್ತಾರೆ. ಅಲ್ಲಿಂದ ಬಿಲ್ ಇವಾನ್ಸರ ಭಾನುವಾರಕ್ಕೆ, ಅನಂತರ 'ಅನ್‌ಈಸಿ'ಗೆ ಬನ್ನಿ.

ನಮ್ಮ ವಿದ್ವಾಂಸರು ಮೊನ್ನೆ ತಮ್ಮ ಶಿಷ್ಯನೊಬ್ಬನನ್ನು ಕರೆದುಕೊಂಡು ಬಂದಿದ್ದರು. "ಇವನಿಗೆ ಆ ಡ್ರಮ್ಸ್ ಹುಡುಗನದನ್ನು ಸ್ವಲ್ಪ ಹಾಕಿ" ಎಂದರು. ಪಿಯಾನೊದಲ್ಲಿ ಗಮಕವಿಲ್ಲ ಎಂಬ ಅಭಿಪ್ರಾಯವನ್ನು ಅವರಿನ್ನೂ ಬದಲಿಸಿಲ್ಲ.