ಕಡಲಾಚೆಯ ಮನೆಯಲ್ಲಿ ಕೇಳಿ ಉಣ್ಣುವುದು

ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಮಹಾತ್ಮರ ಚಿತಾಭಸ್ಮವಿದೆ. ಅದರೆದುರು ತಲೆಬಾಗುವಾಗ ನಮ್ಮ ಮನಸ್ಸಿಗೆ ಬರುವುದು ದಂಡಿಯ ಗಾಂಧೀಜಿ, ನೌಖಾಲಿಯ ಗಾಂಧೀಜಿ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗನ್ನೇರಿ, ಮದ್ಯಮಾಂಸಗಳನ್ನೂ ಪರಸ್ತ್ರೀಯನ್ನೂ ಮುಟ್ಟೆನೆಂದು ತಾಯಿಗೆ ಕೊಟ್ಟ ಮಾತೊಂದನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೋಗಿ, ಲಂಡನ್ನಿನಲ್ಲಿ ಅಪರಿಚಿತರ ಮನೆಯ ಊಟದ ಮೇಜಿನ ಮುಂದೆ ಹಸಿವನ್ನು ಹೇಳಿಕೊಳ್ಳಲಾರದೆ ಕುಳಿತ ಹದಿನೆಂಟರ ಮೋಹನದಾಸನನ್ನು ನೆನೆಯುವವರು ವಿರಳ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ವಿದ್ಯಾರ್ಜನೆಗೆಂದು ಹೊರಟು ಅನ್ಯದೇಶದ ಕುಟುಂಬವೊಂದರ ಆಶ್ರಯದಲ್ಲಿ ಬಾಳಬೇಕಾಗಿ ಬರುವ ನಮ್ಮ ಮಕ್ಕಳಿಗೆ ಆ ಹುಡುಗನಿಗಿಂತ ಹತ್ತಿರದ ಗುರು ಬೇರೊಬ್ಬನಿಲ್ಲವೆಂದು ನಾನು ನಂಬಿದ್ದೇನೆ.

ಆತನ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಇಳಿವಯಸ್ಸಿನಲ್ಲಿ ತಾವೂ ಕಡಲು ದಾಟಿ 'ಅಮೆರಿಕಾದಲ್ಲಿ ಗೊರೂರು' ಬರೆದು, ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದವರು. ಆ ಆತ್ಮಕಥೆಯಲ್ಲಿ ಡಾಕ್ಟರ್ ಪ್ರಾಣಜೀವನ ಮೆಹತಾ ಎಂಬ ಹಿರಿಯರು ಬರುತ್ತಾರೆ. ಹೋಟೆಲಿನಲ್ಲಿ ಇಳಿದಿದ್ದ ಮೋಹನದಾಸನನ್ನು ಕಾಣಲು ಅವರು ಬಂದಾಗ, ಆತ ಅವರ ರೇಶಿಮೆಯ ಟೋಪಿಯನ್ನೆತ್ತಿಕೊಂಡು ಅದರ ನವಿರನ್ನು ಹಿಮ್ಮುಖವಾಗಿ ಸವರಿಬಿಟ್ಟ. ಪರರ ವಸ್ತುವನ್ನು ಮುಟ್ಟಬಾರದು, ಪರಿಚಯವಾದ ಕ್ಷಣದಲ್ಲೇ ನಮ್ಮೂರಿನಲ್ಲಿ ಕೇಳುವಂತೆ ಪ್ರಶ್ನೆ ಕೇಳಬಾರದು, ಗಟ್ಟಿಯಾಗಿ ಮಾತಾಡಬಾರದು ಎಂಬ ಪಾಠ ಅಂದೇ ಆಯಿತು. ಮೆಹತಾ ಹೇಳಿದ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು: ವಿಲಾಯತಿಗೆ ಬರುವುದು ಓದಿಗಿಂತ ಹೆಚ್ಚಾಗಿ ಅಲ್ಲಿಯವರ ಜೀವನಕ್ರಮವನ್ನು ಅರಿಯಲಿಕ್ಕೆ, ಅದಕ್ಕೆ ಒಂದು ಸಂಸಾರದೊಡನೆ ಇರುವುದೇ ದಾರಿ. ಹಾಗೆಂದು ನೇರವಾಗಿ ಒಯ್ದು ಬಿಡಲಿಲ್ಲ. ಮೊದಲು ರಿಚ್ಮಂಡಿನಲ್ಲಿ ಸ್ನೇಹಿತರೊಬ್ಬರ ಬಳಿ ಇರಿಸಿ, ಆಚಾರವ್ಯವಹಾರಗಳನ್ನು ತಕ್ಕಷ್ಟು ಅಭ್ಯಾಸ ಮಾಡಿಸಿದರು. ಮಕ್ಕಳನ್ನು ವಿಮಾನ ಹತ್ತಿಸಿ ಕೈತೊಳೆದುಕೊಳ್ಳುವ ಇಂದಿನ ಅವಸರವನ್ನು ಕಂಡಾಗಲೆಲ್ಲ ಆ ವಿವೇಕದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಅನಂತರ ದೊರೆತದ್ದು ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ, ಹಿಂದೆ ಭಾರತದಲ್ಲಿ ಇದ್ದುಬಂದ ವಿಧವೆಯೊಬ್ಬರ ಮನೆ. ಆಕೆ ಒಳ್ಳೆಯವರೇ, ಆದರೆ ಅಲ್ಲಿಯ ಊಟ ಆತನಿಗೆ ಸಪ್ಪೆ. ಹೆಚ್ಚುಕಡಿಮೆ ಉಪವಾಸವೇ ಗತಿ. ಬಡಿಸಿದ್ದಕ್ಕಿಂತ ಹೆಚ್ಚು ಕೇಳಲು ನಾಚಿಕೆ. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಬ್ರೆಡ್ಡಿನ ಒಂದೆರಡು ತುಂಡು ಹೆಚ್ಚಾಗಿ ಬಡಿಸುತ್ತಿದ್ದರಾದರೂ, ಇಡಿಯ ಬ್ರೆಡ್ಡೇ ಬೇಕಾಗಿದ್ದ ಆ ಹಸಿವು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆತ ಹೇಳಿರಲಿಲ್ಲ.

ಈ ಸಂಕೋಚದ ಬೇರು ಎಲ್ಲಿದೆಯೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟೂರಿನ ತೇರಿಗೆಂದು ದಾವಣಗೆರೆಯ ಕಡೆಯಿಂದ ಬರಿಗಾಲಲ್ಲಿ ನಡೆದು ಬರುವ ಭಕ್ತರು ದಾರಿಯಲ್ಲಿ ಹಸಿವೆಯೆಂದು ಬಾಯಿಬಿಡುವ ಪ್ರಸಂಗವೇ ಬಾರದು. ಅವರು ಕೇಳುವ ಮುನ್ನವೇ ಊರವರು ಕರೆದು ಬಡಿಸಿರುತ್ತಾರೆ. ಮನೆಯೊಳಗಾದರೋ, "ಇನ್ನೊಂದ್ ಅರ್ಧ ರೊಟ್ಟಿ ಹಾಕಿಸ್ಕೋರಿ" ಎಂದು ಮನೆಯಾಕೆ, "ಸಾಕ್ರಿ ಯವ್ವಾ, ಹೊಟ್ಟಿ ತುಂಬೈತಿ" ಎಂದು ಅತಿಥಿ. ಮತ್ತೆ ಆಕೆಯ ಒತ್ತಾಯ, ಮತ್ತೆ ಆತನ ನಿರಾಕರಣೆ. ಕೊನೆಗೆ ತಟ್ಟೆಗೆ ಬೀಳುವುದು ಅರ್ಧವಲ್ಲ, ಒಂದೂವರೆ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ. ಬೇಡವೆನ್ನುವುದು ಅತಿಥಿಯ ಮರ್ಯಾದೆ, ಬಿಡದೆ ಬಡಿಸುವುದು ಮನೆಯವರ ಮರ್ಯಾದೆ. ಇದರಲ್ಲಿ ಬೆಳೆದ ಹುಡುಗಿಯೊಬ್ಬಳು ಇಂಗ್ಲೆಂಡಿನದೋ ಅಮೆರಿಕೆಯದೋ ಮನೆಯೊಂದರಲ್ಲಿ ಒಮ್ಮೆ ಬೇಡವೆಂದರೆ, ಅಲ್ಲಿಯ ಗೃಹಿಣಿ ಪಾತ್ರೆಯನ್ನು ಒಳಗಿಡುತ್ತಾಳೆ. ಅದು ನಿರ್ದಯವಲ್ಲ, ಅತಿಥಿಯ ಮಾತನ್ನು ನಂಬುವುದೇ ಅಲ್ಲಿಯ ಗೌರವ. ಇದನ್ನು ತಿಳಿಯದೆ ಹಾಸಿಗೆಯಲ್ಲಿ ಹಸಿದು ಮಲಗಿ "ಇವರಿಗೆ ನಾನು ಬೇಡವಾದೆ" ಎಂದು ಕಣ್ಣೀರಿಡುವ ಮಕ್ಕಳನ್ನು ಕುರಿತು ಕೇಳಿದಾಗ ಕರುಳು ಮಿಡಿಯುತ್ತದೆ. ಮೋಹನದಾಸನೂ ರಾತ್ರಿಯ ಹೊತ್ತು ತಾಯಿಯನ್ನು ನೆನೆದು ಅತ್ತವನೇ.

ಉಳಿದ ಕಷ್ಟಗಳು ಅಭ್ಯಾಸದಿಂದ ನೀಗುವಂಥವು. ರಾತ್ರಿಯೂಟ ಸಂಜೆ ಆರೇಳಕ್ಕೇ ಮುಗಿಯುತ್ತದೆ. ಬಚ್ಚಲಿನ ನೆಲಕ್ಕೆ ಮೋರಿಯಿರದ ಮನೆಗಳೇ ಹೆಚ್ಚಾದುದರಿಂದ, ತೊಟ್ಟಿಯ ಹೊರಗೆ ನೀರು ಚೆಲ್ಲುವಂತಿಲ್ಲ. ಮಿಂದು ಮಡಿಯಾಗಿ ಲಿಂಗಪೂಜೆ ಮಾಡಿಕೊಂಡ ಹೊರತು ಬಾಯಿಗೆ ನೀರು ಹಾಕದ ಮನೆತನದವರು, ತಮಗೆ ಬೆಳಿಗ್ಗೆ ಎಷ್ಟು ಹೊತ್ತು ಬಚ್ಚಲು ಬೇಕಾದೀತೆಂಬುದನ್ನು ಮೊದಲ ದಿನವೇ ಹೇಳಿಬಿಟ್ಟರೆ, ಅದಕ್ಕೊಂದು ವೇಳೆಯನ್ನು ಗೊತ್ತುಮಾಡಿಕೊಡದಷ್ಟು ಕಠಿಣಹೃದಯರು ಎಲ್ಲಿಯೂ ವಿರಳ.

ಕೆಲಸದ ಮಾತು ಬೇರೆ. ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಹಾಸಿಗೆ ಸರಿಪಡಿಸುವುದು, ಕಸ ಹೊರಗಿಡುವುದು ಅಲ್ಲಿ ಗಂಡುಹುಡುಗನಿಗೂ ತಪ್ಪದು. ನಮ್ಮಲ್ಲಿ ಮಗನ ತಟ್ಟೆಯನ್ನು ಅವ್ವನೋ ಅಕ್ಕನೋ ಎತ್ತುತ್ತಾರೆ. ಇದನ್ನು ನಾನು ಪ್ರೀತಿಯೆಂದು ಮಾತ್ರ ಕರೆಯಲಾರೆ, ಅನ್ಯಾಯದ ಅಂಶವೂ ಅದರಲ್ಲಿದೆ. ಪರದೇಶದ ಮನೆ ಆ ಹುಡುಗನಿಗೆ ಕಲಿಸುವ ಅತ್ಯುತ್ತಮ ವಿದ್ಯೆ ಇದೇ ಆದೀತು.

ಡೊನಾಲ್ಡ್ ವಾಟ್ ಎಂಬಾತ 1932ರಲ್ಲಿ ಅಮೆರಿಕದ ತರುಣರನ್ನು ಯುರೋಪಿಗೆ ಕರೆದೊಯ್ದು ಅಲ್ಲಿಯವರೊಡನೆ ಕೂಡಿಬಾಳುವ ಪ್ರಯೋಗವನ್ನು ಆರಂಭಿಸಿದ ಮೇಲೆ, ಮನೆಗಳಲ್ಲಿ ಇರಿಸಿ ದೇಶವನ್ನು ಕಲಿಸುವ ಕ್ರಮ ಜಗತ್ತಿನಲ್ಲೆಲ್ಲ ಹರಡಿತು. ರೋಟರಿಯವರ ದೀರ್ಘಾವಧಿಯ ವಿನಿಮಯದಲ್ಲಿ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಬಿಡದೆ ಬೇರೆಬೇರೆ ಮನೆಗಳಲ್ಲಿ ಇರಿಸುತ್ತಾರೆ. ಒಂದು ಮನೆಯ ರೀತಿಯನ್ನೇ ಇಡೀ ದೇಶದ ರೀತಿಯೆಂದು ಭ್ರಮಿಸದಿರಲು ಇದು ಒಳ್ಳೆಯ ಉಪಾಯ.

ಹೊಂದಿಕೊಳ್ಳುವುದೆಂದರೆ ಸಹಿಸಿಕೊಂಡೇ ಇರುವುದಲ್ಲವೆಂಬುದಕ್ಕೂ ಮೋಹನದಾಸನೇ ಸಾಕ್ಷಿ. ನಡೆದು ನಡೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲನ್ನು ತಾನೇ ಹುಡುಕಿಕೊಂಡ; ಸಂಸಾರದೊಡನೆ ಇರುವ ಖರ್ಚು ಹೆಚ್ಚೆನಿಸಿದಾಗ ಕೋಣೆ ಹಿಡಿದು, ಮುಂದೆ ಗಂಜಿಯನ್ನೂ ಕೋಕೋವನ್ನೂ ತಾನೇ ಕಾಯಿಸಿಕೊಂಡ. ಆದ್ದರಿಂದ ಹೊರಡುವ ಮಕ್ಕಳ ಪೆಟ್ಟಿಗೆಗೆ ಚಟ್ನಿಪುಡಿ ಕಟ್ಟುವ ತಾಯಂದಿರಲ್ಲಿ ನನ್ನದೊಂದು ಬಿನ್ನಹ: ಅನ್ನ, ಬೇಳೆ, ಒಂದು ಪಲ್ಯ, ಇಷ್ಟನ್ನು ಮಗನಾಗಲಿ ಮಗಳಾಗಲಿ ಮಾಡಲು ಕಲಿತಿರಲಿ, ಏನು ಉಣ್ಣುತ್ತೇವೆ, ಏನು ಉಣ್ಣುವುದಿಲ್ಲ ಎಂಬುದನ್ನು ಆ ಮನೆಯವರಿಗೆ ಮುಂಚಿತವಾಗಿಯೇ ಕಾಗದದಲ್ಲಿ ಬರೆದು ತಿಳಿಸಲಿ, ಮತ್ತು ಹಸಿವಾದಾಗ "ಇನ್ನಷ್ಟು ಬೇಕು" ಎಂದು ಕೇಳುವ ರೂಢಿಯನ್ನು, ಹೊರಡುವುದಕ್ಕೆ ಮುಂಚೆ, ನಿಮ್ಮ ಅಡಿಗೆಮನೆಯಲ್ಲಿಯೇ ಮಾಡಿಸಿರಿ.